ಗುತ್ತಿಗೆದಾರ ಒಡೆದ ಹಾರ್ಡ್ ಡಿಸ್ಕ್

ಗೋವಾದ ಕುಡಚಡೆಯಲ್ಲಿ ಮದುವೆ ವಿಡಿಯೋ ತೆಗೆದು ಬದುಕುವವನು ನಾನು. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ನಾಲ್ಕು ಕಾಸು ಕಂಡವರ ಮನೆಯ ಮದುವೆಗಳೇ ಹೆಚ್ಚು. ಕೈಗೆ ದುಡ್ಡು ಬಂದ ಮೇಲೆ ಇವರಿಗೆ ಮೊದಲು ಬೇಕಾಗುವುದು ಡ್ರೋನ್. ತಾಳಿ ಕಟ್ಟುವ ಹೊತ್ತಿಗೆ ಮಂತ್ರವೂ ಕೇಳಿಸದಂತೆ ಅದು ತಲೆಯ ಮೇಲೆ ಗುಂಯ್‌ಗುಡಬೇಕು. ಆಮೇಲೆ ಆ ವಿಡಿಯೋವನ್ನು ಒಮ್ಮೆ ನೋಡಿ ಮರೆತುಬಿಡುತ್ತಾರೆ. ಕಾಯ್ದಿಡುವ ಕರ್ಮ ನನ್ನದು.

ಸರ್ವರಿಗೆಂದೇ ಮಾರುವ ದೊಡ್ಡ ಹಾರ್ಡ್ ಡಿಸ್ಕ್ ನನ್ನಂಥವನಿಗೆ ಎಟುಕುವುದಿಲ್ಲ. ಆದರೆ ಅಂಥದೇ ಡಿಸ್ಕನ್ನು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕೂರಿಸಿ, ಹೊರಗಿನಿಂದ ಚುಚ್ಚುವ ಎಕ್ಸ್‌ಟರ್ನಲ್ ಡಿಸ್ಕ್ ಎಂದು ಹಬ್ಬದ ಸೇಲಿನಲ್ಲಿ ಅಗ್ಗಕ್ಕೆ ಕೊಡುತ್ತಾರೆ. ಅದನ್ನು ತರಿಸಿ, ಸಂದಿಗೆ ಹಳೆಯ ಎಟಿಎಂ ಕಾರ್ಡ್ ತೂರಿಸಿ, ಶೇಂಗಾ ಸುಲಿದಂತೆ ಸುಲಿಯುತ್ತೇನೆ. ಗ್ಯಾರಂಟಿ ಅಲ್ಲಿಗೆ ಮುಗಿಯಿತು. ಕೆಲವು ಡಿಸ್ಕ್‌ಗಳು ಜೋಡಿಸಿದರೂ ತಿರುಗುವುದಿಲ್ಲ. ಕರೆಂಟ್ ಹೋಗುವ ಕಡೆಯ ಮೂರನೆಯ ಪಿನ್ನಿಗೆ ಚೂರು ಟೇಪ್ ಅಂಟಿಸಬೇಕು. ಹೀಗೆ ಸುಲಿದ ನಾಲ್ಕು ಡಿಸ್ಕ್‌ಗಳು ನಮ್ಮ ಮುಂಭಾಗದ ಕೋಣೆಯಲ್ಲಿ, ಹಳೆಯ ಕಂಪ್ಯೂಟರಿನ ಡಬ್ಬಿಯಲ್ಲಿ ತಿರುಗುತ್ತಿರುತ್ತವೆ. ಅವುಗಳಲ್ಲಿ ಯಾವುದೇ ಒಂದು ಸತ್ತರೂ ಉಳಿದ ಮೂರರಿಂದ ಎಲ್ಲವನ್ನೂ ಮರಳಿ ಪಡೆಯಬಹುದು.

ಒಬ್ಬ ಕಟ್ಟಡ ಗುತ್ತಿಗೆದಾರ ಹಿರಿಯ ಮಗನ ಮದುವೆಯ ವಿಡಿಯೋ ಒಯ್ಯಲು ಬಂದಾಗ ಈ ಡಬ್ಬಿ ನೋಡಿ ನಕ್ಕಿದ್ದ.

"ಏನಪಾ, ಗುಜರಿ ಅಂಗಡಿ ಇಟ್ಟೀಯೇನು? ನಮ್ಮಂಥವ್ರ ಮದುವಿ ಇದ್ರಾಗ ಇಟ್ಟೀ?"

ಆ ಮದುವೆಯಲ್ಲಿ ಹೆಣ್ಣಿನ ಕಡೆಯವರು ಕೊಟ್ಟ ಒಡವೆಗಳನ್ನು ಒಂದೊಂದಾಗಿ ಪೆಟ್ಟಿಗೆಯಿಂದ ಎತ್ತಿ, ಕ್ಯಾಮೆರಾದ ಮುಂದೆ ಹಿಡಿದು ಹಲ್ಲು ಕಿರಿದವನು ಇವನೇ. ಅವರೇ ಕೊಟ್ಟ ಫ್ರಿಜ್ಜಿನ ಬಾಗಿಲನ್ನೂ ತೆರೆದು ಒಳಗಿನ ವಿಡಿಯೋ ತೆಗೆಸಿದ್ದ. ಅದರೊಳಗೆ ಏನೂ ಇರಲಿಲ್ಲ.

ವರ್ಷ ತುಂಬುವ ಮುನ್ನವೇ ಸೊಸೆ ತವರಿಗೆ ಮರಳಿದಳು. ಸಾಂಗೆಯ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಹುಡುಗಿ. ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದಳು.

"ಅಣ್ಣಾರ, ನಮ್ಮ ಮದುವಿ ವಿಡಿಯೋ ಇನ್ನೂ ಐತೇನ್ರಿ?"

"ಐತವಾ. ಯಾಕ?"

"ಒಡವಿ ತಿರುಗಿ ಕೇಳಿದ್ರ, ನಮ್ಮಪ್ಪ ಏನೂ ಕೊಟ್ಟೇ ಇಲ್ಲ ಅಂತ ನಮ್ಮ ಮಾವ ಅನ್ನಾಕತ್ತಾರ್ರಿ. ಸಾಕ್ಷಿ ಏನರ ಐತೇನು ಅಂತ ವಕೀಲರು ಕೇಳ್ಯಾರ."

ಬೇಕಾದ ಭಾಗ ಹುಡುಕಿಡುತ್ತೇನೆ, ಈ ವಾರದಲ್ಲೇ ಬಾ ಎಂದು ಕಳಿಸಿದೆ. ಆಗಲೇ ನಾಲ್ಕರಲ್ಲಿ ಒಂದು ಡಿಸ್ಕ್ ಟಕ್‌ಟಕ್ ಎನ್ನತೊಡಗಿತ್ತು. ಅದರ ಬದಲಿಗೆ ತರಿಸಿ ಸುಲಿದ ಹೊಸ ಡಿಸ್ಕ್ ಮೇಜಿನ ಮೇಲಿತ್ತು.

ಅವಳು ಬಂದು ಹೋದ ಸುದ್ದಿ ಗುತ್ತಿಗೆದಾರನಿಗೆ ಹೇಗೋ ಮುಟ್ಟಿತು. ಮರುದಿನ ಮಗನನ್ನು ಹಿಂದಿಟ್ಟುಕೊಂಡು ಹಾಜರಾದ.

"ಆ ವಿಡಿಯೋ ಅಳಸಿಬಿಡು."

"ಅಳಸಿದ್ರ ತಿರುಗಿ ತಗೀತಾರಪ್ಪಾ, ಡಿಸ್ಕ್ ಇಸ್ಕೊ," ಎಂದ ಮಗ. ಹೆಂಡತಿಯ ಪರವಾಗಿ ಒಂದು ದಿನವೂ ಬಾಯಿ ಬಿಡದವನಿಗೆ ಅಂದು ಮಾತು ಬಂದಿತ್ತು.

ನಾನು ಡಬ್ಬಿ ತೆರೆದು, ಟಕ್‌ಟಕ್ ಎನ್ನುತ್ತಿದ್ದ ಡಿಸ್ಕನ್ನು ಎಳೆದು ಗುತ್ತಿಗೆದಾರನ ಕೈಗಿಟ್ಟೆ.

"ತಗೋರಿ. ಇದ್ರಾಗ ಐತ್ರಿ."

ಇದರಲ್ಲಿ ಮಾತ್ರವೇ ಎಂದು ಅವನು ಕೇಳಲಿಲ್ಲ. ಗಾಡಿಯಿಂದ ಸುತ್ತಿಗೆ ತರಿಸಿ, ನಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಬಡಿದ. ಅಂಗಿ ಬೆವರಿನಲ್ಲಿ ತೊಯ್ದಿತು, ಏದುಸಿರು ಬಂತು. ಮಗ ಅದನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡ. ಸಾಯಲು ಬಿದ್ದಿದ್ದ ಡಿಸ್ಕನ್ನು ಕೊಂದು, ಅಪ್ಪ ಮಗ ಯುದ್ಧ ಗೆದ್ದವರಂತೆ ಗಾಡಿ ಹತ್ತಿದರು. ಚೂರುಗಳನ್ನು ಆರಿಸಲು ನನ್ನ ಹೆಂಡತಿಗೆ ಬಹಳ ಹೊತ್ತು ಹಿಡಿಯಿತು. ಅವಳು ಬೈದದ್ದು ಅವರನ್ನಲ್ಲ, ನನ್ನನ್ನು.

ಹೊಸದಕ್ಕೆ ಟೇಪ್ ಅಂಟಿಸಿ ಜೋಡಿಸಿದೆ. ಉಳಿದ ಮೂರರಿಂದ ಎಲ್ಲವೂ ಅದಕ್ಕೆ ಇಳಿಯುವವರೆಗೆ ಡಬ್ಬಿಯ ಮುಂದಿನಿಂದ ಏಳಲಿಲ್ಲ. ಅಷ್ಟರಲ್ಲಿ ಇನ್ನೊಂದು ಕೈಕೊಟ್ಟಿದ್ದರೆ ಎಲ್ಲ ಮಣ್ಣುಪಾಲು. ಯಾವುದೂ ಕೈಕೊಡಲಿಲ್ಲ.

ಹುಡುಗಿ ಬಂದಾಗ ತೋರಿಸಿದೆ. ಪರದೆಯ ತುಂಬ ಮಾವ, ಕೈಯಲ್ಲಿ ಸರ, ಮುಖದಲ್ಲಿ ಆ ನಗು. ಅವಳು ನೋಡಿದ್ದು ಮೂಲೆಯಲ್ಲಿ ಕೈಕಟ್ಟಿ ನಿಂತ ತನ್ನ ತಂದೆಯನ್ನು.

"ಅವತ್ತು ನಮ್ಮಪ್ಪಗ ಕುಂದ್ರಾಕ ಒಂದು ಕುರ್ಚಿ ಸೈತ ಕೊಟ್ಟಿರಲಿಲ್ರಿ," ಎಂದಳು. ನನಗೆ ಅದು ಗೊತ್ತೇ ಇರಲಿಲ್ಲ, ತೆಗೆದವನು ನಾನೇ ಆದರೂ.

ವಕೀಲರು ಗುತ್ತಿಗೆದಾರನನ್ನು ಕರೆಸಿ ವಿಡಿಯೋ ತೋರಿಸಿದ ದಿನ ಅವನು ಫೋನ್ ಮಾಡಿದ.

"ಅಳಸೀನಿ ಅಂದಿದ್ದೆಲ್ಲಲೇ?"

"ನಾ ಹಂಗ ಅಂದೇ ಇಲ್ರಿ. ನೀವು ಡಿಸ್ಕ್ ಬೇಡಿದ್ರಿ, ಕೊಟ್ಟೆ."

ಫೋನ್ ಕಟ್ಟಾಯಿತು. ಕೋರ್ಟಿನ ತನಕ ಹೋಗಲು ಅವನಿಗೆ ಧೈರ್ಯ ಸಾಲಲಿಲ್ಲ; ಹಿರಿಯರ ಮುಂದೆ ಒಡವೆಗಳನ್ನೆಲ್ಲ ತಂದು ಒಪ್ಪಿಸಿದ. ಫ್ರಿಜ್ ಮಾತ್ರ ಕೊಡಲಿಲ್ಲ. ಅದು ಮನೆಯಿಂದ ಹೊರಗೆ ಹೋಗುವುದನ್ನು ಓಣಿಯವರು ನೋಡಿದರೆ ತನ್ನ ಮರ್ಯಾದೆ ಏನಾಗಬೇಕು ಎಂದನಂತೆ.