ಒಡೆಯದ ಅರಗು

ಢಂ! ಗುಂಡು ನೀರಿನ ತೊಟ್ಟಿಗೆ ನುಗ್ಗಿ ತಣ್ಣಗಾಯಿತು. ಗುಂಡಕ್ಕ ಕಿವಿಯ ಮುಚ್ಚಳ ತೆಗೆದು ಬಲೆಯಿಂದ ಅದನ್ನು ಎತ್ತಿಕೊಂಡಳು. ಕಿಟಕಿಯಿಲ್ಲದ ಈ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ: ಆರೋಪಿಯ ಪಿಸ್ತೂಲಿನಿಂದ ನೀರಿಗೆ ಗುಂಡು ಹಾರಿಸುವುದು, ಹೆಣದಲ್ಲಿ ಸಿಕ್ಕ ಗುಂಡಿನ ಪಕ್ಕ ಅದನ್ನಿಟ್ಟು ಸೂಕ್ಷ್ಮದರ್ಶಕದಲ್ಲಿ ಗೀರಿಗೆ ಗೀರು ಕೂಡುತ್ತದೆಯೇ ನೋಡುವುದು. ಜೊತೆಯವರು ಇಟ್ಟ ಹೆಸರು ಗುಂಡಕ್ಕ. ಆಳು ಮಾತ್ರ ಕಡ್ಡಿ.

ಹಳೆಯ ಗುಂಡುಗಳೆಲ್ಲದರ ಚಿತ್ರವನ್ನು ಹೊಸ ಯಂತ್ರದಲ್ಲಿ ತೆಗೆಯಬೇಕಿತ್ತು. ಅಂದು ಕೈಗೆ ಬಂದದ್ದು ಆರು ವರ್ಷದ ಹಿಂದಿನ ಪೆಟ್ಟಿಗೆ. ಕಾವಲುಗಾರನೊಬ್ಬನ ಕೊಲೆ, ಅವಳ ವರದಿಯ ಮೇಲೆ ಒಬ್ಬ ಲಾರಿ ಚಾಲಕ ಜೀವಾವಧಿ ಜೈಲು ಸೇರಿದ್ದ. ಪೆಟ್ಟಿಗೆಯಲ್ಲಿ ನೀರಿಗೆ ಹಾರಿಸಿದ ಎರಡು ಗುಂಡುಗಳಿದ್ದವು. ಪಕ್ಕದಲ್ಲಿ ಹೆಣದ ಗುಂಡಿನ ಪೊಟ್ಟಣ. ಅದರ ಮೇಲೆ ಆಸ್ಪತ್ರೆಯ ಕೆಂಪು ಅರಗಿನ ಮುದ್ರೆ ಕೂದಲೆಳೆಯಷ್ಟೂ ಬಿರಿಯದೆ ಕೂತಿತ್ತು.

ಗುಂಡಕ್ಕ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಪೊಟ್ಟಣ ಬಿಚ್ಚದೆ ತಾನು ಹೋಲಿಸಿದ್ದಾದರೂ ಏನನ್ನು?

ನೆನಪಾಯಿತು. ಪಿಸ್ತೂಲು ಪ್ರತಿಸಲ ಒಂದೇ ಬಗೆಯ ಗೀರು ಹಾಕುತ್ತದೆಯೇ ಎಂದು ತಿಳಿಯಲು ಮೊದಲು ನೀರಿನ ಎರಡು ಗುಂಡುಗಳನ್ನೇ ಹೋಲಿಸುವುದು ಕ್ರಮ. ಅಷ್ಟಾಗುವಾಗ ಮಗಳು ಶಾಲೆಯಲ್ಲಿ ಬಿದ್ದಳೆಂದು ಫೋನು ಬಂದಿತ್ತು. ಎರಡನ್ನೂ ಸೂಕ್ಷ್ಮದರ್ಶಕದಡಿಯೇ ಬಿಟ್ಟು ಓಡಿದ್ದಳು. ಮರುದಿನ ಬಂದು, ಒಂದು ಹೆಣದ ಗುಂಡೆಂದುಕೊಂಡು ಕಣ್ಣಿಟ್ಟರೆ ಗೀರುಗಳು ಕೂಡಿದ್ದವು. ಕೂಡದೇ ಏನು! ಒಂದೇ ಹೊಟ್ಟೆಯಲ್ಲಿ ಹುಟ್ಟಿದವು.

ವರದಿಯಲ್ಲಿ ಎರಡನೆಯ ಸಹಿ ವಿಭಾಗದ ಮುಖ್ಯಸ್ಥರದು, ಅಂದರೆ ಅವಳ ಗಂಡನ ಅಣ್ಣನದು. ವಾಸವೂ ಒಂದೇ ಮನೆಯಲ್ಲಿ. ಇಲ್ಲಿಂದ ತಪ್ಪಿಸಿಕೊಂಡರೆ ಅಲ್ಲಿ ಊಟದ ಮೇಜಿನೆದುರು ಅದೇ ಮುಖ.

ಅವಳು ತಮ್ಮ ಕೋಣೆಗೆ ತಂದ ಪೊಟ್ಟಣ ನೋಡಿ ಭಾವ ಬಾಗಿಲು ಮುಚ್ಚಿದರು. "ಈಗ ಒಡೆದರಾಯ್ತಮ್ಮ. ಅರಗು ತಾನೆ? ಹೆಬ್ಬೆರಳು ಸಾಕು."

"ಒಳಗಿರೋದು ಕೂಡದೇ ಹೋದ್ರೆ, ಭಾವ?"

"ಕೂಡಿದ್ರೆ? ಸುಮ್ನೆ ಇರೋಕಾಗದೆ ಇರುವೆ ಗೂಡಿಗೆ ಕೈ ಹಾಕ್ತೀಯಲ್ಲ!"

"ಅವನು ಆರು ವರ್ಷದಿಂದ ಒಳಗಿದಾನೆ."

"ನನಗಿನ್ನು ನಾಲ್ಕೇ ತಿಂಗಳು ಸರ್ವೀಸು. ಮನೆ ಸೊಸೆಯಾಗಿ ನೀನೇ ನನ್ನ ಮುಖಕ್ಕೆ ಮಸಿ ಬಳೀತೀಯಾ? ನಿನ್ನ ಕೆಲಸಾನೂ ಉಳಿಯಲ್ಲ. ಕೊಡಿಲ್ಲಿ."

ಅವರು ಕೈ ಚಾಚಿದರು. ಅರಗು ಒಡೆದರೆ, ಹೋಲಿಕೆ ನಡೆದೇ ಇಲ್ಲವೆನ್ನಲು ಚಾಲಕನ ಪರವಾಗಿದ್ದ ಒಂದೇ ಸಾಕ್ಷಿ ಪುಡಿ. ಗುಂಡಕ್ಕ ಪೊಟ್ಟಣವನ್ನು ಎರಡೂ ಅಂಗೈಯಲ್ಲಿ ಹಕ್ಕಿಮೊಟ್ಟೆಯಂತೆ ಹಿಡಿದು ಎದ್ದಳು.

"ಮೊದಲು ಕೂತ್ಕೋ ತಾಯಿ. ಒಂದು ಲೋಟ ನೀರು ಕುಡಿ. ಸಂಜೆ ಮನೇಲಿ ಎಲ್ಲರೂ ಕೂತು..."

ಅವಳು ಮೊಣಕೈಯಿಂದ ಬಾಗಿಲು ತಳ್ಳಿ, ಪ್ರಯೋಗಾಲಯದ ನಿರ್ದೇಶಕರ ಕೋಣೆಯ ಮೆಟ್ಟಿಲು ಹತ್ತತೊಡಗಿದ್ದಳು.