ಸೊನ್ನೆಯ ಆಚೆ ನಿಂತಿದ್ದ ಮುಳ್ಳು

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಮೊನ್ನೆ ಬೆಳಿಗ್ಗೆ ಕೂಸಿಗೆ ಎರೆದು, ಕೆಂಡದ ಮೇಲೆ ಓಮ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ಕೊಟ್ಟರೆಂದು ಕಾಣುತ್ತದೆ. ಆ ವಾಸನೆ ನಮ್ಮ ಅಡುಗೆಮನೆಗೂ ಬಂತು. ಹೆಂಡತಿ ಕೆಮ್ಮುತ್ತಾ ಕಿಟಕಿ ಹಾಕಲು ಹೋದಳು. ಇರಲಿ ಬಿಡು ಅಂದೆ. ಹೊಗೆಯ ಜೊತೆಗೆ ಭಾನುವಳ್ಳಿಯ ನರ್ಸು ಸಿಸ್ಟರಮ್ಮ ನೆನಪಾಗಿದ್ದರು... ಅವರ ಬೆನ್ನಿಗೇ ನನ್ನ ಹಳೆಯ ಸಿಟ್ಟೂ ಎದ್ದು ಕೂತಿತ್ತು.

ಆಗ ನಾನು ಒಂದು ಸಂಶೋಧನೆಯ ಕೆಲಸದಲ್ಲಿದ್ದೆ. ಡಾಕ್ಟರೂ ಔಷಧವೂ ಸುಲಭಕ್ಕೆ ಸಿಗದ ಊರುಗಳಲ್ಲಿ ಕೂಸುಗಳು ಎಷ್ಟು ತೂಗುತ್ತವೆ, ತೀರಾ ಸಣ್ಣಗೆ ಹುಟ್ಟಿದವು ಹೊತ್ತಿಗೆ ಸರಿಯಾಗಿ ದೊಡ್ಡಾಸ್ಪತ್ರೆ ಮುಟ್ಟುತ್ತವೆಯೇ ಎಂದು ತಿಳಿಯುವ ಕೆಲಸ. ಅದಕ್ಕೆ ಮುಖ್ಯಸ್ಥರಾಗಿದ್ದ ಡಾಕ್ಟರನ್ನು ನಾವೆಲ್ಲ ದೊಡ್ಡ ಸರ್ ಎನ್ನುತ್ತಿದ್ದೆವು. ಹರಿಹರ ತಾಲ್ಲೂಕಿನ ಊರೂರು ತಿರುಗಿ ನರ್ಸುಗಳ ತಕ್ಕಡಿ, ರಿಜಿಸ್ಟರು ಸರಿ ಇವೆಯೇ ಎಂದು ನೋಡುವುದು ನನ್ನ ಪಾಲಿಗೆ ಬಂದಿತ್ತು. ಆಗಷ್ಟೇ ಓದು ಮುಗಿಸಿದ್ದೆ. ಕೊರಳಿಗೆ ಗುರುತಿನ ಕಾರ್ಡು ಬಿದ್ದ ಕೂಡಲೇ ಅರ್ಧ ಡಾಕ್ಟರಾದೆ ಎಂದುಕೊಂಡಿದ್ದೆ.

ಬೇರೆ ಊರುಗಳ ರಿಜಿಸ್ಟರು ತೆರೆದರೆ ಕೂಸುಗಳೆಲ್ಲ ಮೊದಲೇ ಮಾತಾಡಿಕೊಂಡು ಹುಟ್ಟಿದ ಹಾಗೆ ಎರಡೂವರೆ ಕೆ.ಜಿ. ಇರುತ್ತಿದ್ದವು. ಕಡಿಮೆ ಬರೆದರೆ ನರ್ಸುಗಳು ಮೀಟಿಂಗಿನಲ್ಲಿ ಎದ್ದು ನಿಂತು ಬೈಸಿಕೊಳ್ಳಬೇಕಾಗುತ್ತಿತ್ತು. ಭಾನುವಳ್ಳಿಯಲ್ಲಿ ಮಾತ್ರ ಎರಡು ಕೆ.ಜಿ. ನೂರು ಗ್ರಾಂ, ಒಂದು ಕೆ.ಜಿ. ಒಂಬೈನೂರು, ಹೀಗೆ ಒಂದೊಂದು ಕೂಸಿಗೆ ಒಂದೊಂದು ತೂಕ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಸಿಸ್ಟರಮ್ಮ ನನ್ನ ಮುಖ ನೋಡಿದ್ದರು.

"ಹುಟ್ಟಿದಷ್ಟು ಬರೀತೀನಿ ತಮ್ಮಾ. ಬರೆಯೋದ್ರಾಗೆ ದಪ್ಪ ಮಾಡಿದ್ರೆ ಕೂಸು ದಪ್ಪ ಆಗ್ತೈತೇನು?"

ಐವತ್ತು ದಾಟಿದ ಹೆಂಗಸು. ಮೊಣಕಾಲು ನೋವಿಗೆ ಒಂದು ಕಾಲು ಎಳೆದು ನಡೆಯುತ್ತಿದ್ದರು. ಊರಿನ ಯಾವ ಮನೆಯಲ್ಲಿ ಯಾರಿಗೆ ಎಷ್ಟನೇ ತಿಂಗಳು ಎಂದು ಕೇಳಿದರೆ ರಿಜಿಸ್ಟರು ತೆರೆಯದೆ ಹೇಳುತ್ತಿದ್ದರು. ನನಗೆ ಅವರ ಮೇಲೆ ಗೌರವವಿತ್ತು ಎಂದು ಈಗ ಬರೆಯಬಹುದು... ಆಗ ಇದ್ದದ್ದು ಅನುಮಾನ.

ಒಂದು ದಿನ ಕಾಲುವೆ ಕಡೆಯ ಒಂದು ಮನೆಗೆ ಅವರ ಜೊತೆ ಹೋದೆ. ಚೊಚ್ಚಿಲ ಹೆಣ್ಣು ಕೂಸು, ಹುಟ್ಟಿ ಎರಡು ದಿನ. ಬಾಣಂತಿ ಕೋಣೆಗೆ ಗಂಡಸರು ಹೋಗುವಂತಿಲ್ಲ, ನಾನು ಪಡಸಾಲೆಯಲ್ಲೇ ಕೂತೆ. ಸಿಸ್ಟರಮ್ಮ ಒಳಗೆ ತೂಗಿ, ತಕ್ಕಡಿಯನ್ನು ಹೊರಗೆ ತಂದು ಗೋಡೆಯ ಗೂಟಕ್ಕೆ ನೇತುಹಾಕಿದರು. ಸ್ಪ್ರಿಂಗಿನ ತಕ್ಕಡಿ, ಕೆಳಗೆ ಕೂಸನ್ನು ಮಲಗಿಸುವ ಬಟ್ಟೆಯ ಜೋಳಿಗೆ.

"ಒಂದು ಏಳುನೂರು ಐತೆ ತಮ್ಮಾ. ಇವತ್ತೇ ದಾವಣಗೆರೆಗೆ ಕಳಿಸ್ಬೇಕು. ನಿಮ್ಮ ಸರ್‌ಗೆ ಹೇಳಿ ಗಾಡಿ ತರ್ಸು," ಎಂದು ಹೇಳಿ, ತಾಯಿಗೆ ಹಾಲು ಕುಡಿಸುವುದನ್ನು ತೋರಿಸಲು ಒಳಗೆ ಹೋದರು.

ಒಂದು ಎಂಟುನೂರಕ್ಕಿಂತ ಕಡಿಮೆ ಇದ್ದರೆ ಗಾಡಿ ಕಳಿಸಬೇಕು ಎಂಬುದು ನಮ್ಮ ನಿಯಮ. ನಾನು ತಕ್ಕಡಿ ನೋಡಿದೆ. ಜೋಳಿಗೆ ಖಾಲಿ ಇತ್ತು. ಮುಳ್ಳು ಸೊನ್ನೆಯ ಮೇಲೆ ಇರಲಿಲ್ಲ, ಅದಕ್ಕೂ ಹಿಂದೆ, ಆಚೆಗೆ ಇನ್ನೂರು ಗ್ರಾಂ ದೂರದಲ್ಲಿ ನಿಂತಿತ್ತು. ಕಳ್ಳನನ್ನು ಹಿಡಿದಷ್ಟು ಖುಷಿಯಾಯಿತು. ಒಳಗೆ ಕೂಗಿ ಒಂದು ಮಾತು ಕೇಳಬಹುದಿತ್ತು. ಹರಿಹರದ ಬಸ್ಸು ಹಾರ್ನ್ ಹೊಡೆಯುತ್ತಿತ್ತು. "ತಕ್ಕಡಿ ಇನ್ನೂರು ಗ್ರಾಂ ಕಡಿಮೆ ತೋರಿಸುತ್ತದೆ, ಇಲ್ಲಿಯ ತೂಕಗಳನ್ನು ನಂಬುವಂತಿಲ್ಲ" ಎಂದು ನನ್ನ ವರದಿಯಲ್ಲಿ ಗುಂಡಗೆ ಬರೆದು ಬಸ್ಸು ಹತ್ತಿದೆ. ಬಸ್ಸಿನಿಂದಲೇ ದೊಡ್ಡ ಸರ್‌ಗೆ ಫೋನ್ ಮಾಡಿದೆ.

"ಹಂಗಾದ್ರೆ ಕೂಸು ಒಂದು ಒಂಬೈನೂರು ಆತು. ಗಾಡಿ ಬ್ಯಾಡ," ಎಂದರು. "ಆಯಮ್ಮಂದು ಯಾವಾಗ್ಲೂ ಗಾಬರೀನೇ."

ಸಿಸ್ಟರಮ್ಮ ಮಧ್ಯಾಹ್ನದವರೆಗೂ ಗಾಡಿಗಾಗಿ ಬೀದಿ ನೋಡಿದರಂತೆ. ಆಮೇಲೆ ಕೂಸನ್ನು ತಾಯಿಯ ಎದೆಗೆ ಬರಿಮೈಯಲ್ಲಿ ಒತ್ತಿ ಕಟ್ಟಿ, ಮೇಲೆ ಸೆರಗು ಹೊದಿಸಿ, ಬಸ್ಸಿನಲ್ಲಿ ಹರಿಹರ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ದಾವಣಗೆರೆ. ಆಸ್ಪತ್ರೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಕೂಸು ಒಂದು ಆರುನೂರ ತೊಂಬತ್ತು ಗ್ರಾಂ ತೂಗಿತು. ಹಲವು ದಿನ ಅಲ್ಲೇ ಇದ್ದು ಬದುಕಿತು. ಬದುಕಿಸಿದವರು ಯಾರು ಎಂದು ಯಾವ ಕಾಗದದಲ್ಲೂ ಬರಲಿಲ್ಲ.

ನಾನು ಬರೆದದ್ದು ಕಿವಿಗೆ ಬಿದ್ದ ಮೇಲೆ, ತೂಕ ಬರೆದಿದ್ದ ಆ ಆಸ್ಪತ್ರೆಯ ಚೀಟಿ ಹಿಡಿದು ಸಿಸ್ಟರಮ್ಮ ಹರಿಹರದ ನಮ್ಮ ಆಫೀಸಿಗೆ ಬಂದರು. ಬ್ಯಾಗಿನಿಂದ ತಕ್ಕಡಿ ತೆಗೆದು ಕಿಟಕಿಯ ಸರಳಿಗೆ ಸಿಕ್ಕಿಸಿದರು. ಮುಳ್ಳು ಅವತ್ತಿನ ಹಾಗೇ ಸೊನ್ನೆಯ ಆಚೆ. ಆಮೇಲೆ ಹಳೇ ಸೀರೆಗಳಿಂದ ಹೊಲಿದ ಒಂದು ಪುಟ್ಟ ಕೌದಿ ತೆಗೆದು ಜೋಳಿಗೆಗೆ ಹಾಕಿದರು. ಮುಳ್ಳು ಸರಿಯಾಗಿ ಸೊನ್ನೆಗೆ ಬಂತು.

"ಬರಿಮೈ ಕೂಸನ್ನ ತಣ್ಣನ ಜೋಳಿಗ್ಯಾಗೆ ತೂಗಿದ್ರೆ ಅಜ್ಜಿದೀರು ಮತ್ತೆ ಬಾಗ್ಲಿಗೆ ಸೇರ್ಸಲ್ಲ. ಅದಕ್ಕ ಕೌದಿ ಹಾಕಿ ಮುಳ್ಳು ಸೊನ್ನೆಗೆ ತಿರುವಿ, ಆಮೇಲೆ ಕೂಸು ಹಾಕ್ತೀನಿ. ಅವತ್ತು ಕೌದಿ ಕೂಸಿನ ಮೈಮೇಲೆ ಉಳೀತು. ನೀ ಕೇಳಿದ್ರೆ ಹೇಳ್ತಿದ್ದೆ."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಚೀಟಿ ಹಿಡಿದು ದೊಡ್ಡ ಸರ್ ಹತ್ತಿರ ಓಡಿದೆ. ಅವರಿಗೆ ಅರೆ ನಿಮಿಷದಲ್ಲಿ ಅರ್ಥವಾಯಿತು. ಅದನ್ನೇ ನಾನು ಮರೆಯಲಾರೆ. ಅರ್ಥವಾಗದ ಮನುಷ್ಯನಾಗಿದ್ದರೆ ಬಿಟ್ಟುಬಿಡುತ್ತಿದ್ದೆ.

"ವರದಿ ಮೇಲಕ್ಕೆ ಹೋಗೈತೆ. ಈಗ ತಿದ್ದಿದ್ರೆ ನಗ್ತಾರೆ," ಎಂದರು. ಚೀಟಿಯನ್ನು ಮಡಚಿ ನನ್ನ ಕೈಗೇ ಕೊಟ್ಟರು. "ನಿಂಗೂ ಕೆಲಸ ಬೇಕಲ್ಲ?"

ಬೇಕಾಗಿತ್ತು. ಚೀಟಿಯನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ.

ಭಾನುವಳ್ಳಿಯ ಕೂಸುಗಳನ್ನೆಲ್ಲ ಸಂಶೋಧನೆಯಿಂದ ಹೊಡೆದುಹಾಕಿದರು. ಅವು ಸಣ್ಣಗೆ ಹುಟ್ಟಿದ್ದೂ ಸುಳ್ಳಾಯಿತು. ಸಿಸ್ಟರಮ್ಮನನ್ನು ದಾಖಲೆಯಲ್ಲಿ ಬೇಜವಾಬ್ದಾರಿ ಎಂಬ ಕಾರಣ ಹೇಳಿ ಹರಿಹರದ ಒಂದು ಕಚೇರಿಯಲ್ಲಿ ಮಾತ್ರೆ ಎಣಿಸಿ ಕೊಡಲು ಕೂರಿಸಿದರು. ಒಮ್ಮೆ ಕಿಟಕಿಯಲ್ಲಿ ಕಂಡಾಗ, "ಕೂಸು ಮುಟ್ಟದೆ ವರ್ಷ ಆತು ತಮ್ಮಾ," ಎಂದು ನಕ್ಕಿದ್ದರು. ನಿವೃತ್ತಿಯವರೆಗೂ ಅಲ್ಲೇ ಇದ್ದರು. ಆಮೇಲೆ ಹೆಚ್ಚು ದಿನ ಬದುಕಲಿಲ್ಲ... ಮಣ್ಣಾದ ಮೇಲೆ ನನಗೆ ಸುದ್ದಿ ಬಂತು.

ಕ್ಷಮಿಸುವ ದೊಡ್ಡ ಗುಣ ನನ್ನಲ್ಲಿಲ್ಲ, ಇರುವುದೂ ಬೇಡ. ದೊಡ್ಡ ಸರ್‌ಗೆ ಶಾಲು ಹೊದಿಸಿದ ಫೋಟೊ ಪೇಪರಿನಲ್ಲಿ ಬಂದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಎಂದಾದರೂ ಒಂದು ದಿನ ನಾಲ್ಕು ಜನರ ಎದುರಿಗೆ ಇವರ ಮುಖ ಇಳಿಸಬೇಕು ಎಂದು ಕಾದೆ. ಹೋದ ವರ್ಷ ಆ ದಿನ ಸಿಕ್ಕಿತು. ದಾವಣಗೆರೆಯಲ್ಲಿ ಆಶಾ ಕಾರ್ಯಕರ್ತೆಯರಿಗೆ ಕೂಸು ತೂಗುವ ತರಬೇತಿ. ಕಲಿಸುವವನು ನಾನು, ಮುಖ್ಯ ಅತಿಥಿ ಅವರು. ಹಿಂದಿನ ಸಂಜೆಯೇ ಒಂದು ಕೌದಿ ಹೊಂದಿಸಿ, ತಕ್ಕಡಿಯ ಮುಳ್ಳನ್ನು ಸಿಸ್ಟರಮ್ಮ ಇಡುತ್ತಿದ್ದ ಹಾಗೇ ಇಟ್ಟುಕೊಂಡಿದ್ದೆ.

ವೇದಿಕೆಯ ಮೇಲೆ ಖಾಲಿ ತಕ್ಕಡಿ ನೇತುಹಾಕಿ, "ಇದು ಸರಿ ಐತಾ ನೋಡ್ರಿ ಸರ್," ಎಂದು ವಿನಯದಿಂದ ಕೇಳಿದೆ.

ಅವರು ಕನ್ನಡಕ ಏರಿಸಿ ನೋಡಿದರು. "ಮುಳ್ಳು ಸೊನ್ನೆಗೇ ಇಲ್ಲ. ಇದ್ರಾಗೆ ತೂಗಿದ್ದೆಲ್ಲ ಸುಳ್ಳು. ಬಿಸಾಕ್ರಿ."

ಕೌದಿ ಹಾಕಿದೆ. ಮುಳ್ಳು ಸೊನ್ನೆಗೆ ಬಂತು. ಹೆಂಗಸರು ಬಾಯಿಗೆ ಸೆರಗು ಒತ್ತಿ ನಕ್ಕರು. ಆಗ ಸಿಸ್ಟರಮ್ಮನ ಕತೆ ಪೂರ್ತಿ ಹೇಳಿದೆ. ಗಾಡಿ ಕಳಿಸದ ಡಾಕ್ಟರು, ಸತ್ಯ ಗೊತ್ತಾದ ಮೇಲೂ ವರದಿ ತಿದ್ದದ ಡಾಕ್ಟರು ಎಂದು ಒತ್ತಿ ಒತ್ತಿ ಹೇಳಿ, ಪ್ರತಿ ಸಲವೂ ಅವರ ಕಡೆ ತಿರುಗಿದೆ. ಅವರ ಮುಖ ಕಪ್ಪಿಟ್ಟಿತು. ಸಿಹಿ ತಿಂದಷ್ಟು ಹಿತವಾಯಿತು, ಸುಳ್ಳು ಯಾಕೆ ಹೇಳಲಿ.

ಮೂರನೇ ಸಾಲಿನಿಂದ ಒಬ್ಬಾಕೆ ಎದ್ದಳು. "ನಾನು ಭಾನುವಳ್ಳಿಯಾಕಿ ಸರ್. ಸಿಸ್ಟರಮ್ಮನ ಕೈಯಾಗೆ ಕೆಲಸ ಕಲ್ತೀನಿ. ತಕ್ಕಡಿ ಕೆಟ್ಟೈತೆ ಅಂತ ಬರೆದ್ರಲ್ಲ, ಅವ್ರು ಯಾರು?"

"ಯಾರೋ ಒಬ್ಬ ಹುಡುಗ," ಎಂದೆ. "ಆಮೇಲೆ ಕೆಲಸ ಬಿಟ್ಟು ಹೋದ."

"ಅವನಿಗೆ ಒಳ್ಳೇದಾಗಲ್ಲ ಬಿಡ್ರಿ," ಎಂದು ಅವಳು ಕೂತಳು.

ದೊಡ್ಡ ಸರ್ ನನ್ನನ್ನೇ ನೋಡುತ್ತಿದ್ದರು. ಬರೆದವನು ಯಾರು ಎಂದು ಆ ಸಭೆಯಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ. ಅವರು ತುಸು ನಕ್ಕು, ಟೇಬಲ್ಲಿನ ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು. ಕುಡಿದೆ.

ಅಷ್ಟು ವರ್ಷ ಕಾದು ತೀರಿಸಿಕೊಂಡ ಸೇಡು ಅಲ್ಲಿಗೇ ಹಳಸಿಹೋಯಿತು. ಸಿಸ್ಟರಮ್ಮ ಇದ್ದಿದ್ದರೆ ಹೋಗಿ ಕಾಲು ಹಿಡಿಯುತ್ತಿದ್ದೆನೋ, ಅದಕ್ಕೂ ಧೈರ್ಯ ಸಾಲುತ್ತಿರಲಿಲ್ಲವೋ... ಅವರು ಇಲ್ಲ. ನನ್ನ ತಪ್ಪನ್ನು ಇಷ್ಟು ದಿನ ಬಾಯಿ ಬಿಡದೆ ಕಾಪಾಡಿದವರು ಇಬ್ಬರು. ಒಬ್ಬರು ಸತ್ತರು, ಇನ್ನೊಬ್ಬರನ್ನು ನಾನು ಈಗಲೂ ದ್ವೇಷಿಸುತ್ತೇನೆ. ಬರುವ ವಾರ ಮತ್ತೆ ತರಬೇತಿ ಇದೆ. ಭಾನುವಳ್ಳಿಯ ಆ ಹೆಂಗಸಿನ ಹೆಸರೂ ಪಟ್ಟಿಯಲ್ಲಿದೆ. ಇದನ್ನೆಲ್ಲ ಬರೆದ ಈ ಹಾಳೆಗಳನ್ನು ಮೊದಲು ಅವಳ ಕೈಗೆ ಕೊಡುತ್ತೇನೆ. ಅವಳು ಶಾಪ ಹಾಕಿದ್ದು ಯಾರಿಗೆ ಎಂದು ಅವಳಿಗೂ ಗೊತ್ತಾಗಲಿ.