ಲಾನಿನ ಜೇಕು, ಮಾವನವರ ನೀರು

ಇವತ್ತು ಹೊಸಪೇಟೆಯ ನಮ್ಮ ಮನಿ ಲಾನಿನಾಗ ಒಂದು ಪಂಚಾಯ್ತಿ ಆತು, ಕೇಳ್ರಿ. ನರ್ಸರಿಯಿಂದ ಬಂದ ಗಂಗಮ್ಮ ಒಂದು ದಂಟು ಬೆರಳಾಗ ಹೊರಳಿಸಿ, "ದಂಟಿಗೆ ಮೂರು ಮೂಲಿ ಐತಿ. ಇದು ಹುಲ್ಲಲ್ರಿ, ಜೇಕು, ನೀರು ನಿಂತಲ್ಲಿ ಹಬ್ಬೋ ಕಳಿ. ಬರೀ ಕಿತ್ತರ ಗಡ್ಡಿ ಒಳಗ ಉಳಿತೈತಿ. ಮೊದ್ಲು ನೀರು ಕಡಿಮಿ ಮಾಡ್ರಿ" ಅಂದ್ಲು.

ದಿನಾ ಎರಡು ಹೊತ್ತು ನೀರು ಬಿಡೋರು ನಮ್ಮ ಮಾವ. ನೀರಾವರಿ ಇಲಾಖಿಯಾಗ ಸರ್ವೀಸೆಲ್ಲಾ ಕಾಲುವಿ ತೂಬು ಎತ್ತಿ ಇಳಿಸಿ ರಿಟೈರ್ ಆದವರು. ಕೈಯಾಗಿನ ಪೈಪ್ ಸುತ್ತಿ ಮೂಲಿಗೆ ಇಡಾಕ ಹೊಂಟ್ರು. ನನಗ ಪಾಪ ಅನಿಸ್ತು.

"ಪೂರಾ ಬಂದ್ ಬ್ಯಾಡ ಮಾವಾರ, ಕಾಲುವಿಯಂಗ ಸರದಿ ಹಾಕ್ರಿ" ಅಂದೆ.

ಸಂಜಿಗೆ ನಳಕ್ಕ ಮಾವ ಬರೆದ ಒಂದು ರಟ್ಟು ತೂಗಾಡ್ತಿತ್ತು: "ಮಂಗಳವಾರದವರೆಗೆ ನೀರು ಬಂದ್. ರೈತರು ಸಹಕರಿಸಬೇಕು."

ನನ್ನ ಗುಲಾಬಿ ಕುಂಡಕ್ಕ ಒಂದು ಚೊಂಬು ನೀರು ಕೇಳಿದೆ.

"ಅರ್ಜಿ ಕೊಡವ್ವಾ, ನೋಡೂಣು" ಅಂದ್ರು.